ಹಬ್ಬದ ದಿನ ಅಳಬಾರದೇ?

(ಗೌರಿ ಹಬ್ಬಕ್ಕೆ ಮುಂಚೆ ನಡೆದ ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲಿ ಸೇರಿಸಿಕೊಂಡಿದ್ದೇನೆ.)

ಶ್ರಾವಣದ ನಾಗರಪಂಚಮಿಯಿಂದ ಹಿಡಿದು ಕಾರ್ತಿಕದ ಬಲಿಪಾಡ್ಯಮಿಯವರೆಗೆ ಸುಮಾರು ಮೂರು ತಿಂಗಳು ನಮ್ಮ ಮನೆಗಳಲ್ಲಿ ಒಂದರ ಬೆನ್ನಿಗೆ ಇನ್ನೊಂದು ಹಬ್ಬ ಬರುತ್ತದೆ. ವರಮಹಾಲಕ್ಷ್ಮಿ ವ್ರತ ಮುಗಿಯಿತು ಎನ್ನುವಷ್ಟರಲ್ಲಿ ಗೌರಿ, ಮರುದಿನ ಗಣೇಶ, ಅದಾದ ಮೇಲೆ ಪಿತೃಪಕ್ಷ, ಮಹಾಲಯ ಅಮಾವಾಸ್ಯೆ ಕಳೆದೊಡನೆ ನವರಾತ್ರಿ, ಆಯುಧಪೂಜೆ, ಕೊನೆಗೆ ದೀಪಾವಳಿ. ಈ ಮೂರು ತಿಂಗಳನ್ನು ಮನಸ್ಸಿನ ಆರೋಗ್ಯದ ಕಡೆಯಿಂದ ನೋಡೋಣ ಎಂದಾಗ ಸಂಘಟಕರೊಬ್ಬರು, ‘ಹಬ್ಬ ಬಂದರೆ ಮನಸ್ಸಿಗೆ ಒಳ್ಳೆಯದೇ ಅಲ್ಲವೇ ಮೇಡಂ, ಅದಕ್ಕೆ ಡಾಕ್ಟರು ಯಾಕೆ?’ ಎಂದು ಕೇಳಿದರು. ಬಹುಪಾಲು ಜನರ ಮಟ್ಟಿಗೆ ಅವರ ಮಾತು ಸರಿ. ನೆಂಟರಿಷ್ಟರು ಸೇರುವುದು, ಒಟ್ಟಿಗೆ ಕುಳಿತು ಉಣ್ಣುವುದು, ವರ್ಷಕ್ಕೊಮ್ಮೆಯಾದರೂ ಮನೆಯನ್ನು ತೊಳೆದು ಬಳಿದು ಹೊಸದಾಗಿ ಕಾಣುವುದು ಮನಸ್ಸಿಗೆ ಹಿತವನ್ನೇ ಕೊಡುತ್ತದೆ. ನಾನು ಮಾತನಾಡಬೇಕೆಂದಿರುವುದು ಉಳಿದವರ ಬಗ್ಗೆ, ಮತ್ತು ಆ ಉಳಿದವರು ಹಬ್ಬದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದರ ಬಗ್ಗೆ.

ಮನೋವೈದ್ಯೆಯಾಗಿ ನಾನು ಗಮನಿಸಿರುವಂತೆ ಹಬ್ಬದ ವಾರದಲ್ಲಿ ಹೊರರೋಗಿಗಳ ಸಾಲು ಚಿಕ್ಕದಾಗಿರುತ್ತದೆ, ಮುಂದಿನ ವಾರ ಅದು ಬಾಗಿಲಾಚೆಗೂ ಬೆಳೆಯುತ್ತದೆ. ಕ್ರಿಸ್‌ಮಸ್ ಸಮಯದಲ್ಲಿ ಆತ್ಮಹತ್ಯೆಗಳು ಹೆಚ್ಚುತ್ತವೆ ಎಂಬ ನಂಬಿಕೆ ಅಮೆರಿಕದಲ್ಲಿ ಬಹಳ ಕಾಲದಿಂದ ಇದೆ. ಪತ್ರಿಕೆಗಳೂ ಅದನ್ನು ಪ್ರತಿವರ್ಷ ಬರೆಯುತ್ತವೆ. ಆದರೆ ಅಲ್ಲಿನ ಮರಣದ ಲೆಕ್ಕಗಳನ್ನು ನೋಡಿದವರಿಗೆ ಕಂಡಿರುವುದು ಬೇರೆ: ಡಿಸೆಂಬರ್ ಸಾಮಾನ್ಯವಾಗಿ ಅತಿ ಕಡಿಮೆ ಪ್ರಮಾಣ ಇರುವ ತಿಂಗಳುಗಳಲ್ಲಿ ಒಂದು. ಆ ಲೆಕ್ಕವನ್ನು ನಮ್ಮ ಹಬ್ಬಗಳಿಗೆ ಹಾಗೇ ಅನ್ವಯಿಸಲು ಬರುವುದಿಲ್ಲವಾದರೂ ಅದರಿಂದ ಒಂದು ಎಚ್ಚರವನ್ನು ತೆಗೆದುಕೊಳ್ಳಬಹುದು. ಹಬ್ಬದ ದಿನ ಮನೆ ತುಂಬ ಜನರಿರುತ್ತಾರೆ, ಕೈತುಂಬ ಕೆಲಸವಿರುತ್ತದೆ, ಹೇಗೋ ದಿನ ದಾಟಿಹೋಗುತ್ತದೆ. ನಾವು ನೋಡಬೇಕಾದದ್ದು ಹಬ್ಬಕ್ಕೆ ಮುಂಚಿನ ಹದಿನೈದು ದಿನಗಳನ್ನು ಮತ್ತು ನೆಂಟರು ಬಸ್ಸು ಹತ್ತಿದ ಮೇಲಿನ ದಿನಗಳನ್ನು.

ಮೊದಲು ಕೆಲಸದ ವಿಷಯ. ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಗಂಡಸರು ಕೊಡುವುದು 88 ನಿಮಿಷ. ಗಂಡಸರ ಲೆಕ್ಕದಲ್ಲಿ ಮನೆಗೆಲಸಕ್ಕೆ ಕೈಹಾಕುವವರು ಮಾತ್ರ ಸೇರಿದ್ದಾರೆ, ಕೈಹಾಕದವರು ಸೇರಿಲ್ಲ ಎಂಬುದನ್ನೂ ನೆನಪಿಡಿ. ಇದು ಮಾಮೂಲಿ ದಿನದ ಲೆಕ್ಕ. ಇದರ ಮೇಲೆ ಒಬ್ಬಟ್ಟಿಗೆ ಬೇಳೆ ಬೇಯಿಸುವುದು, ಕಡುಬಿಗೆ ಕಾಯಿ ತುರಿಯುವುದು, ಮಡಿಯಲ್ಲಿ ಅಡುಗೆ ಮಾಡುವುದು, ಬೆಳ್ಳಿ ಹಿತ್ತಾಳೆ ಬೆಳಗುವುದು, ಮೊರದ ಬಾಗಿನ ಜೋಡಿಸುವುದು, ಬಂದವರಿಗೆ ತಟ್ಟೆ ಹಾಕಿ ಅವರು ಎದ್ದ ಮೇಲೆ ತಾನು ಕೂರುವುದು ಎಲ್ಲವೂ ಬಂದು ಸೇರುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿ ಇರಬೇಕಾದ ಹೆಣ್ಣುಮಗಳಿಗೂ ಇದರಲ್ಲಿ ರಿಯಾಯಿತಿ ಇಲ್ಲ. ವರಮಹಾಲಕ್ಷ್ಮಿಯ ಶುಕ್ರವಾರ ಎಷ್ಟೋ ಖಾಸಗಿ ಕಂಪನಿಗಳಲ್ಲಿ ರಜೆಯೂ ಇರುವುದಿಲ್ಲ.

ಕೈಕೆಲಸಕ್ಕಿಂತ ಹೆಚ್ಚು ದಣಿಸುವುದು ನೆನಪಿಟ್ಟುಕೊಳ್ಳುವ ಕೆಲಸ. ಕಳೆದ ವರ್ಷ ಅತ್ತಿಗೆ ಕೊಟ್ಟ ಸೀರೆ ಎಷ್ಟರದ್ದು, ಈ ಬಾರಿ ಅದಕ್ಕೆ ಕಡಿಮೆಯಾಗದಂತೆ ಏನು ಕೊಡಬೇಕು, ಯಾರ ಮನೆಯ ಕುಂಕುಮಕ್ಕೆ ಹೋಗದಿದ್ದರೆ ಯಾರು ಮುನಿಸಿಕೊಳ್ಳುತ್ತಾರೆ, ಮಾವನವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರಿಗೆ ಬೇರೆ ಪಾಯಸ ಮಾಡಬೇಕೇ, ಪುರೋಹಿತರು ಎಷ್ಟು ಗಂಟೆಗೆ ಬರುತ್ತಾರೆ, ಗೆಜ್ಜೆವಸ್ತ್ರ ಮನೆಯಲ್ಲಿ ಇದೆಯೇ. ಇದೆಲ್ಲವೂ ಒಬ್ಬರ ತಲೆಯಲ್ಲೇ ಇದ್ದು, ಉಳಿದವರು ‘ಏನು ಮಾಡಲಿ ಹೇಳು, ಮಾಡ್ತೀನಿ’ ಎಂದು ನಿಂತಿದ್ದರೆ, ಹೇಳುವುದೂ ಆಕೆಯ ಪಾಲಿನ ಇನ್ನೊಂದು ಕೆಲಸವಾಗುತ್ತದೆ. ಆದ್ದರಿಂದ ಸಹಾಯ ಮಾಡಿ ಎಂದು ಗಂಡಸರಿಗೆ ನಾನು ಹೇಳುವುದನ್ನು ಬಿಟ್ಟಿದ್ದೇನೆ. ಒಂದು ಜವಾಬ್ದಾರಿಯನ್ನು ಪೂರ್ತಿಯಾಗಿ ತೆಗೆದುಕೊಳ್ಳಿ ಎನ್ನುತ್ತೇನೆ. ಗಣೇಶನ ಪೂಜೆಯ ಸಾಮಾನು ನಿಮ್ಮದು ಎಂದಾದರೆ ಪಟ್ಟಿ ಬರೆಯುವುದು, ತರುವುದು, ಗರಿಕೆ ಮರೆತಿದ್ದರೆ ಮತ್ತೆ ಹೋಗಿ ತರುವುದು, ವಿಸರ್ಜನೆಯಾದ ಮೇಲೆ ಮಂಟಪ ಬಿಚ್ಚಿ ಜಾಗ ಒರೆಸುವುದು ಎಲ್ಲವೂ ನಿಮ್ಮದೇ ಆಗಬೇಕು, ನಡುವೆ ಅಡುಗೆಮನೆಗೆ ಬಂದು ಯಾರನ್ನೂ ಏನನ್ನೂ ಕೇಳಬಾರದು. ಇದನ್ನು ಒಂದು ಹಬ್ಬದಲ್ಲಿ ಮಾಡಿ ನೋಡಿದರೆ ಹೆಂಡತಿಗೆ ಹಬ್ಬದ ದಿನವೇ ಯಾಕೆ ತಲೆನೋವು ಬರುತ್ತದೆ ಎಂಬ ಪ್ರಶ್ನೆಗೆ ಮನೆಯಲ್ಲೇ ಉತ್ತರ ಸಿಗುತ್ತದೆ.

ಸಭೆಯಲ್ಲಿ ಹಿರಿಯರೊಬ್ಬರು ಮಂಡಿನೋವಿನಿಂದ ಕೂರಲೂ ಆಗದೆ, ‘ಈ ವರ್ಷ ಕೈಲಾಗೋದಿಲ್ಲಮ್ಮ, ಕಳಶ ಇಡದೆ ಹೋದರೆ ದೋಷವೇ?’ ಎಂದು ಕೇಳಿದರು. ದೋಷದ ಮಾತನ್ನು ನಾನು ಹೇಳಲಾರೆ, ಅದಕ್ಕೆ ತಿಳಿದವರು ಬೇರೆ ಇದ್ದಾರೆ. ಆದರೆ ನಮ್ಮ ಸಂಪ್ರದಾಯವೇ ಸೂತಕಕ್ಕೆ, ಬಾಣಂತನಕ್ಕೆ, ಕಾಯಿಲೆಗೆ, ಪ್ರಯಾಣಕ್ಕೆ ವಿನಾಯಿತಿಗಳನ್ನು ಇಟ್ಟುಕೊಂಡು ಬಂದಿದೆ ಎಂಬುದು ಈ ಸಭೆಯಲ್ಲಿರುವ ಅಜ್ಜಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಹೋಳಿಗೆಯನ್ನು ಅಂಗಡಿಯಿಂದ ತಂದರೆ ತಪ್ಪು ಎಂಬ ನಿಯಮ ಯಾವ ವ್ರತಕಥೆಯಲ್ಲೂ ಇದ್ದಂತೆ ನನಗೆ ಕಾಣಲಿಲ್ಲ. ಅದು ಓರಗಿತ್ತಿಯರ ನಡುವೆ ಹುಟ್ಟಿದ ನಿಯಮವಿರಬೇಕು.

ಇನ್ನು ನಿದ್ದೆ. ಹಬ್ಬದ ಮಾತಿನಲ್ಲಿ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ನನ್ನ ವೃತ್ತಿಯ ಕಡೆಯಿಂದ ಒಂದೇ ಒಂದು ಮಾತು ಹೇಳಿ ಹೋಗಿ ಎಂದರೆ ನಾನು ನಿದ್ದೆಯ ಬಗ್ಗೆಯೇ ಹೇಳುತ್ತೇನೆ. ಬೈಪೋಲಾರ್ ಎಂದು ಕರೆಯುವ ಕಾಯಿಲೆ ಇರುವವರಲ್ಲಿ, ಅಂದರೆ ಕೆಲವು ಕಾಲ ಮನಸ್ಸು ತೀರ ಕುಗ್ಗಿ, ಕೆಲವು ಕಾಲ ಮಿತಿಮೀರಿ ಉಕ್ಕುವವರಲ್ಲಿ, ಸತತವಾಗಿ ಒಂದೆರಡು ರಾತ್ರಿ ನಿದ್ದೆಗೆಟ್ಟರೂ ಉನ್ಮಾದದ ಸ್ಥಿತಿ ಮರುಕಳಿಸಬಹುದು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ, ನಾಲ್ಕು ಗಂಟೆಗೆ ಎದ್ದು ಎಣ್ಣೆನೀರು ಹಾಕಿಕೊಂಡು, ಮತ್ತೆ ರಾತ್ರಿಯಿಡೀ ಗಣಪತಿ ಪೆಂಡಾಲಿನಲ್ಲಿ ಹುಡುಗರ ಜೊತೆ ಕುಳಿತವನು ಮೂರನೆಯ ದಿನ ಅತಿಯಾದ ಉತ್ಸಾಹದಿಂದ ಓಡಾಡುತ್ತ, ಎಲ್ಲರಿಗೂ ಹಣ ಹಂಚುತ್ತ, ಎಡೆಬಿಡದೆ ಮಾತನಾಡುತ್ತಿದ್ದರೆ ಮನೆಯವರು ಅದನ್ನು ಹಬ್ಬದ ಹುರುಪು ಎಂದುಕೊಂಡು ಖುಷಿಪಡುತ್ತಾರೆ. ಎರಡು ಗಂಟೆ ಮಲಗಿದರೂ ದಣಿವೇ ಇಲ್ಲ ಎನ್ನುವ ಮಾತು ಅಂಥವರ ಬಾಯಲ್ಲಿ ಬಂದರೆ ಖುಷಿಪಡಬೇಡಿ, ಅವರ ವೈದ್ಯರಿಗೆ ಫೋನು ಮಾಡಿ.

ಇದರ ಜೊತೆಗೇ ಮಾತ್ರೆಯ ಪ್ರಶ್ನೆ. ಹಬ್ಬದ ದಿನ ಉಪವಾಸ, ಆದ್ದರಿಂದ ಮಾತ್ರೆ ಬೇಡ ಎನ್ನುವವರಿದ್ದಾರೆ. ಒಳ್ಳೆಯ ದಿನ ಮಾತ್ರೆಯ ಮುಖ ನೋಡಬಾರದು ಎನ್ನುವವರಿದ್ದಾರೆ. ನೆಂಟರ ಮುಂದೆ ಡಬ್ಬಿ ತೆಗೆದರೆ ಏನೆಂದುಕೊಂಡಾರು ಎಂದು ಮೂರು ದಿನ ನುಂಗದೆ ಇರುವವರು ಎಲ್ಲರಿಗಿಂತ ಹೆಚ್ಚು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗುತ್ತದೆ. ಇದನ್ನು ಕಾಯಿಲೆ ಉಲ್ಬಣಿಸಿತೆಂದೋ ದೃಷ್ಟಿಯಾಯಿತೆಂದೋ ತಿಳಿದು ಇನ್ನೊಂದಕ್ಕೆ ಕೈಹಾಕುವುದುಂಟು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಮಾತ್ರೆ ತೆಗೆದುಕೊಳ್ಳುವವರು ನವರಾತ್ರಿಯಲ್ಲಿ ನೀರು ಕಡಿಮೆ ಮಾಡಿ, ಉಪ್ಪು ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಕೈ ನಡುಕ ಹೆಚ್ಚುವುದು, ವಾಂತಿ ಭೇದಿ, ನಡೆಯುವಾಗ ಓಲಾಡುವುದು ಅದರ ಸೂಚನೆಗಳು, ಮತ್ತು ಅದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವ್ರತ ಮಾಡಲೇಬೇಕೆಂದಿರುವವರು ಮೊದಲೇ ಬಂದು ಕೇಳಿದರೆ ದಾರಿ ಹುಡುಕಬಹುದು. ದೇವರ ವಿಷಯದಲ್ಲಿ ವೈದ್ಯರು ಬೈಯುತ್ತಾರೆಂದು ಮುಚ್ಚಿಡುವುದೇ ತೊಂದರೆ. ಮದ್ಯದ ಬಗ್ಗೆ ಉದ್ದಕ್ಕೆ ಹೇಳಬೇಕಾಗಿಲ್ಲ. ನಿದ್ದೆಯ ಮಾತ್ರೆ ನುಂಗುವವರು ಅದರ ಮೇಲೆ ಕುಡಿದರೆ ಉಸಿರಾಟವೇ ಕುಂದಬಹುದು ಎಂಬಷ್ಟು ನೆನಪಿದ್ದರೆ ಸಾಕು.

ಈಗ ಈ ಉಪನ್ಯಾಸಕ್ಕೆ ಹೆಸರು ಕೊಟ್ಟ ಪ್ರಶ್ನೆಗೆ ಬರುತ್ತೇನೆ. ‘ಹಬ್ಬದ ದಿನ ಕಣ್ಣೀರು ಹಾಕಬಾರದು’ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಹೇಳುವವರ ಉದ್ದೇಶ ಕೆಟ್ಟದ್ದಲ್ಲ. ಆದರೆ ದುಃಖವನ್ನು ಹೊತ್ತುಕೊಂಡವರಿಗೆ ಅದು ಎರಡನೆಯ ಭಾರವಾಗುತ್ತದೆ: ದುಃಖವೂ ಇದೆ, ಅದನ್ನು ತೋರಿಸಿದರೆ ಮನೆಯ ಶುಭ ಕೆಡಿಸಿದ ಅಪವಾದವೂ ಬರುತ್ತದೆ. ಹಬ್ಬದ ಕಾಲದಲ್ಲಿ ನನ್ನ ಬಳಿಗೆ ಬರುವವರಲ್ಲಿ ಎಷ್ಟೋ ಜನರ ತೊಂದರೆಯ ಮೂಲ ಈ ಎರಡನೆಯ ಭಾರ.

ವಿಚಿತ್ರವೆಂದರೆ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ ಎಂಬ ಪದ್ಧತಿಯನ್ನು ಇಂದಿನ ಮಕ್ಕಳು ಮೂಢನಂಬಿಕೆಯ ಪಟ್ಟಿಗೆ ಸೇರಿಸುತ್ತಾರೆ, ನಾನು ಸೇರಿಸುವುದಿಲ್ಲ. ಸತ್ತವರಿಲ್ಲದ ಮೊದಲ ಗೌರಿ, ಮೊದಲ ದೀಪಾವಳಿ ಬಹಳ ಕಷ್ಟದ ದಿನಗಳು. ಆ ದಿನಗಳಲ್ಲಿ ನಗುಮುಖ ಹೊತ್ತು ತಿರುಗಬೇಕಾದ ಒತ್ತಾಯದಿಂದ ಆ ಕುಟುಂಬವನ್ನು ಊರೇ ಬಿಡುಗಡೆ ಮಾಡುವ ಏರ್ಪಾಡು ಅದು. ಹಾಗೆಯೇ ಗಣೇಶನ ಹಬ್ಬದ ಸಂಭ್ರಮಕ್ಕೂ ನವರಾತ್ರಿಯ ಸಂಭ್ರಮಕ್ಕೂ ನಡುವೆ ಭಾದ್ರಪದದ ಕೃಷ್ಣಪಕ್ಷವಿಡೀ ಸತ್ತವರಿಗಾಗಿ ಮೀಸಲಾಗಿದೆ. ಮಹಾಲಯ ಅಮಾವಾಸ್ಯೆಯ ದಿನ ಅಪ್ಪನಿಗೆ ಇಷ್ಟವಾಗಿದ್ದ ತಿನಿಸನ್ನೇ ಮಾಡಿ, ಎಡೆ ಇಟ್ಟು, ಅವನ ಹೆಸರು ಹೇಳಿ, ಅವನ ಹಟಮಾರಿತನದ ಕಥೆಗಳನ್ನು ಮಕ್ಕಳಿಗೆ ಹೇಳುವ ಮನೆಯಲ್ಲಿ ಶೋಕಕ್ಕೆ ಒಂದು ಜಾಗ ಇದೆ. ಹಳೆಯ ಮೈಸೂರು ಕಡೆಯ ಹಿರಿಯರ ಹಬ್ಬದಲ್ಲಿ ಬಟ್ಟೆ ಇಟ್ಟು ಪೂಜೆ ಮಾಡುವಾಗ ಅತ್ತರೆ ಯಾರೂ ತಡೆಯುವುದಿಲ್ಲ. ನಗರಗಳಲ್ಲಿ ನಾವು ದೀಪಾವಳಿಯನ್ನು ದೊಡ್ಡದು ಮಾಡಿಕೊಂಡು ಪಿತೃಪಕ್ಷವನ್ನು ‘ಆ ಹದಿನೈದು ದಿನ ಹೊಸದೇನೂ ಕೊಳ್ಳಬಾರದು’ ಎಂಬಷ್ಟಕ್ಕೆ ಇಳಿಸಿಬಿಟ್ಟಿದ್ದೇವೆ. ಅಳುವ ಹಬ್ಬವನ್ನು ಬಿಟ್ಟುಕೊಟ್ಟ ಮೇಲೆ ಅಳು ನಗುವ ಹಬ್ಬಕ್ಕೇ ಬರುತ್ತದೆ.

ಆದರೆ ಸಂಪ್ರದಾಯವನ್ನು ಪೂರ್ತಿ ಹೊಗಳಿ ಮುಂದಕ್ಕೆ ಹೋಗಲು ಸಾಧ್ಯವಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಅದೇ ಸಂಪ್ರದಾಯ ಮಾಡುವುದು ಬೇರೆ. ಅವಳ ಪಾಲಿನ ವಿನಾಯಿತಿ ಒಂದು ವರ್ಷಕ್ಕೆ ಮುಗಿಯುವುದಿಲ್ಲ, ಜೀವಮಾನದ ನಿಷೇಧವಾಗುತ್ತದೆ. ಗೌರಿಯ ದಿನ ಪಕ್ಕದ ಮನೆಯಿಂದ ಕುಂಕುಮಕ್ಕೆ ಕರೆಯಲು ಬಂದವರು ಸೊಸೆಯನ್ನು ಮಾತ್ರ ಕರೆದು, ಅಲ್ಲೇ ಕುಳಿತಿರುವ ಅತ್ತೆಯ ಕಡೆಗೆ ನೋಡಿ ನಕ್ಕು ಹೋಗುತ್ತಾರೆ. ಮೂವತ್ತು ವರ್ಷ ಮೊರದ ಬಾಗಿನ ಕೊಟ್ಟ ಕೈ ಅದು. ಆಕೆಗೆ ಎದೆನೋವು, ಹೊಟ್ಟೆ ಉರಿ, ನಿದ್ದೆ ಇಲ್ಲ ಎಂದು ಕರೆತಂದಾಗ ಇಸಿಜಿಯಲ್ಲಿ ಏನೂ ಇರುವುದಿಲ್ಲ. ಇಲ್ಲಿ ಮಾತ್ರೆಗಿಂತ ನಿಮ್ಮ ಮನೆಯ ಬಾಗಿಲಲ್ಲಿ ಕರೆಯುವ ರೀತಿ ಬದಲಾದರೆ ಹೆಚ್ಚು ಉಪಯೋಗ ಎಂದು ವೈದ್ಯೆಯಾಗಿಯೇ ಹೇಳುತ್ತಿದ್ದೇನೆ. ಅತ್ತೆಯನ್ನೂ ಕರೆಯಿರಿ, ಹೂವು ಹಣ್ಣು ಕೊಡಿ, ಕುಂಕುಮ ಬೇಕೇ ಬೇಡವೇ ಎಂಬುದನ್ನು ಅವರೇ ಹೇಳಲಿ.

ಉತ್ತರ ಕರ್ನಾಟಕದಲ್ಲಿ ಪಂಚಮಿ ಬಂತೆಂದರೆ ಜೋಕಾಲಿ, ಉಂಡಿ, ತವರು. ಅಣ್ಣ ಕರೆಯಲು ಬರಲಿಲ್ಲವೆಂದು ದಾರಿ ಕಾಯುವ ತಂಗಿಯ ಸಂಕಟ ಅಲ್ಲಿನ ಜನಪದ ಹಾಡುಗಳಲ್ಲಿ ತುಂಬಿಕೊಂಡಿದೆ. ಈ ಸಂಕಟ ಹಾಡಿನ ಕಾಲಕ್ಕೆ ಮುಗಿದಿಲ್ಲ, ಅದರ ಕಾರಣಗಳಲ್ಲಿ ಒಂದು ಹೊಸದು ಸೇರಿಕೊಂಡಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಜಾರಿಗೆ ತಂದಿತು, ಕೇಂದ್ರ 2005ರಲ್ಲಿ ತಂದಿತು. ಕಾನೂನು ಹಕ್ಕನ್ನು ಕೊಟ್ಟಿತು. ಆ ಹಕ್ಕನ್ನು ಕೇಳಿದ ತಂಗಿಗೆ ಮರುವರ್ಷ ಪಂಚಮಿಯ ಕರೆ ಬರುವುದು ನಿಂತಿತು. ಪಾಲು ಬಿಟ್ಟುಕೊಟ್ಟು ಸಹಿ ಹಾಕಿದರೆ ತವರು ಉಳಿಯುತ್ತದೆ, ಹಾಕದಿದ್ದರೆ ಹೋಗುತ್ತದೆ ಎಂಬ ಲೆಕ್ಕವನ್ನು ಐವತ್ತು ದಾಟಿದ ಹೆಣ್ಣುಮಕ್ಕಳು ಶ್ರಾವಣ ಬಂದಾಗಲೆಲ್ಲ ಮನಸ್ಸಿನಲ್ಲೇ ಮಾಡುತ್ತಾರೆ. ಇದನ್ನು ಖಿನ್ನತೆ ಎಂದು ಬರೆದು ಮಾತ್ರೆ ಕೊಡುವುದು ಸುಲಭ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ ಕೂಡ. ಆದರೆ ಕಾಯಿಲೆಯ ಹೆಸರಿನ ಹಿಂದೆ ಅಣ್ಣತಮ್ಮಂದಿರು ಅಡಗಿಕೊಳ್ಳಬಾರದು.

ನೆಂಟರು ಕೇಳುವ ಪ್ರಶ್ನೆಗಳ ವಿಷಯ ನಿಮಗೆಲ್ಲ ಗೊತ್ತಿರುವುದೇ. ಮದುವೆ ಯಾವಾಗ, ಮಕ್ಕಳು ಯಾಕಿಲ್ಲ, ಸಂಬಳ ಎಷ್ಟು, ಪಿಯುಸಿಯಲ್ಲಿ ಎಷ್ಟು ಬಂತು. ಕೇಳುವವರಿಗೆ ಅದು ಮಾತಿನ ಆರಂಭ. ಬಂಜೆತನದ ಚಿಕಿತ್ಸೆಯಲ್ಲಿರುವ ದಂಪತಿಗೆ, ಕೆಲಸ ಕಳೆದುಕೊಂಡು ಮನೆಯಲ್ಲಿ ಇನ್ನೂ ಹೇಳದ ಹುಡುಗನಿಗೆ ಅದು ಊರಿಗೇ ಹೋಗದಿರಲು ಕಾರಣ. ತಂದೆತಾಯಿಗಳಿಗೆ ಒಂದು ವಿನಂತಿ: ಇಂಥ ಪ್ರಶ್ನೆ ಬಂದಾಗ ಮಕ್ಕಳು ಉತ್ತರ ಕೊಡಲೆಂದು ನೀವೂ ಅವರ ಮುಖ ನೋಡುತ್ತ ಕೂರಬೇಡಿ. ‘ಅದನ್ನು ಆಮೇಲೆ ಮಾತಾಡೋಣ, ಮೊದಲು ಊಟಕ್ಕೆ ಏಳಿ’ ಎಂದು ಮಾತು ತಿರುಗಿಸುವ ಕೆಲಸ ಹಿರಿಯರದ್ದು. ಅಮೆರಿಕ, ಯುರೋಪಿನಲ್ಲಿರುವ ಮಕ್ಕಳಿಗೆ ಗೌರಿಯೂ ದೀಪಾವಳಿಯೂ ಸಾಮಾನ್ಯವಾಗಿ ಕೆಲಸದ ದಿನಗಳೇ. ಅಲ್ಲಿನ ಕನ್ನಡ ಕೂಟಗಳು ಹಬ್ಬವನ್ನು ಶನಿವಾರಕ್ಕೆ ಸರಿಸಿ ಮಾಡುತ್ತವೆ. ಇಲ್ಲಿ ಒಬ್ಬರೇ ಇರುವ ತಂದೆತಾಯಿಗಳೂ ಹಾಗೆಯೇ ಮಾಡಿದರೆ, ವಿಡಿಯೊ ಕರೆಯನ್ನು ಹಬ್ಬದ ಬೆಳಗಿನ ಗಡಿಬಿಡಿಯಲ್ಲಿ ಎರಡು ನಿಮಿಷಕ್ಕೆ ಮುಗಿಸುವ ಬದಲು ವಾರಾಂತ್ಯದಲ್ಲಿ ಒಟ್ಟಿಗೆ ಊಟಕ್ಕೆ ಕುಳಿತಷ್ಟು ಹೊತ್ತು ಇಟ್ಟುಕೊಂಡರೆ ಇಬ್ಬರಿಗೂ ಹಿತ.

ಹಣದ ಬಗ್ಗೆ ಒಂದೇ ಮಾತು. ಹಬ್ಬದ ಮುಂಗಡ, ಕೈಸಾಲ, ಚೀಟಿ ಎತ್ತಿದ ಹಣ, ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲ ಇವೆಲ್ಲವೂ ಹಬ್ಬದ ಮರುತಿಂಗಳು ಬಾಗಿಲಿಗೆ ಬರುತ್ತವೆ, ಮತ್ತು ಮನೆಯವರಿಗೆ ಹೇಳದೆ ಮಾಡಿದ ಸಾಲವೇ ಜೀವಕ್ಕೆ ಎರವಾಗುವುದು. ಎಷ್ಟು ಖರ್ಚು ಮಾಡಬೇಕೆಂದು ನಾನು ಹೇಳಲಾರೆ. ಆ ಮೊತ್ತ ಗಂಡಹೆಂಡತಿ ಇಬ್ಬರಿಗೂ ಗೊತ್ತಿರಲಿ. ಪಟಾಕಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತರವರೆಗೆ ಎಂದು ಸಮಯ ಗೊತ್ತುಮಾಡಿತು. ಮರೆವಿನ ಕಾಯಿಲೆಯ ವೃದ್ಧರು, ಆಟಿಸಂ ಇರುವ ಮಕ್ಕಳು ಆ ಸದ್ದಿಗೆ ಎಷ್ಟು ಹೆದರುತ್ತಾರೆಂದು ನೋಡಿದವರು ಆ ಎರಡು ಗಂಟೆಯನ್ನೂ ಕಡಿಮೆ ಮಾಡಲು ಒಪ್ಪುತ್ತಾರೆ.

ಹಬ್ಬದ ಬೇಸರ ಯಾವುದು, ಕಾಯಿಲೆ ಯಾವುದು ಎಂದು ತಿಳಿಯುವುದು ಹೇಗೆ? ನೆಂಟರು ಹೋದ ಮೇಲೆ ಮನೆ ಬಿಕೋ ಎನ್ನುವುದು, ಮೂರು ನಾಲ್ಕು ದಿನ ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಸಹಜ, ಅದಕ್ಕೆ ಚಿಕಿತ್ಸೆ ಬೇಡ. ಆದರೆ ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಮಂಕಾಗಿಯೇ ಇದ್ದರೆ, ಹಿಂದೆ ಇಷ್ಟವಾಗಿದ್ದುದೆಲ್ಲ ರುಚಿಸದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ತಾನು ಯಾರಿಗೂ ಬೇಡ ಎಂಬ ಮಾತು ಬರುತ್ತಿದ್ದರೆ ತೋರಿಸಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ತಪ್ಪು. ಯಾರೋ ಕೇಳಿದರಲ್ಲ ಎಂದು ಹೆಚ್ಚಿನವರಿಗೆ ಉಸಿರು ಹಗುರಾಗುತ್ತದೆ. ಹೌದು ಎಂಬ ಉತ್ತರ ಬಂದರೆ ಅವರನ್ನು ಒಬ್ಬರೇ ಬಿಡಬೇಡಿ. ಹೊಲದ ಔಷಧಿ, ಮಾತ್ರೆಗಳು ಕೈಗೆ ಸಿಗದಂತೆ ನೋಡಿಕೊಂಡು ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಮನೆಯಲ್ಲೇ ಮುಚ್ಚಿಡುವವರಿಗೆ ಹೇಳುವುದೇನೆಂದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ.

ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದುದು ಕಂಡುಬಂತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಈ ಸಭೆಗೆ ಆ ಲೆಕ್ಕ ಹಾಕಿದರೆ ಪ್ರತಿ ಸಾಲಿನಲ್ಲೂ ಒಬ್ಬರಾದರೂ ಇದ್ದೀರಿ. ಬೆಂಗಳೂರಿಗೇ ಬರಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿನ ಬಗ್ಗೆ ನಿಮ್ಮ ಊರಲ್ಲಿ ವಿಚಾರಿಸಿ. ಆಸ್ಪತ್ರೆಗೆ ಹೋಗಲು ಮನಸ್ಸಾಗದವರು 14416ಕ್ಕೆ ಫೋನು ಮಾಡಬಹುದು. ಟೆಲಿ ಮಾನಸ್ ಎಂಬ ಈ ಸೇವೆ 2022ರ ಅಕ್ಟೋಬರ್ 10ರಂದು, ಆ ವರ್ಷದ ವಿಜಯದಶಮಿ ಕಳೆದು ಐದು ದಿನಕ್ಕೆ ಆರಂಭವಾಯಿತು. ಹಣವಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಹಬ್ಬದ ದಿನವೂ ಎತ್ತುತ್ತಾರೆ.

ಈಗಾಗಲೇ ಚಿಕಿತ್ಸೆಯಲ್ಲಿರುವವರು ಊರಿಗೆ ಹೊರಡುವ ಮುಂಚೆ ಮಾತ್ರೆಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಬೇಕಾದಷ್ಟಕ್ಕಿಂತ ನಾಲ್ಕು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ನಿದ್ದೆಗೆ, ಆತಂಕಕ್ಕೆ ಕೊಡುವ ಮಾತ್ರೆಗಳನ್ನು ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಡುವಂತಿಲ್ಲ, ಆಯುಧಪೂಜೆಯ ದಿನ ಎಷ್ಟೋ ಕಡೆ ಅಂಗಡಿಯೇ ತೆರೆದಿರುವುದಿಲ್ಲ. ನಿಮ್ಮ ಮಾತ್ರೆ ಮುಗಿಯುವ ತಾರೀಖು ಆ ವಾರಕ್ಕೆ ಬೀಳುತ್ತದೆಯೇ ಎಂದು ಇವತ್ತೇ ಕ್ಯಾಲೆಂಡರು ನೋಡಿ. ಬೀಳುವುದಾದರೆ ಮಹಾಲಯ ಅಮಾವಾಸ್ಯೆಗೆ ಮುಂಚೆ ಬಂದು ಬರೆಸಿಕೊಂಡು ಹೋಗಿ.